ಗದ್ದ ಜರಾ ಮ್ಯಾಲ

ಯಾದಗಿರಿ ಸ್ಟೇಷನ್ ರೋಡಿಗೆ, ಚಾದ ಅಂಗಡಿ ಬಾಜೂಕ,
ಮೈನೋದ್ದೀನ್ ಮಾಮಾನ ಸ್ಟುಡಿಯೋದಾಗ
ಹನ್ನೆರಡು ವರ್ಷದಿಂದ ನಾ ಒಂದೇ ಮಾತು ಹೇಳ್ತೀನಿ:
ಗದ್ದ ಜರಾ ಮ್ಯಾಲ. ಹಾಂ. ಉಸಿರು ಹಿಡೀರಿ.

ರೇಶನ್ ಕಾರ್ಡಿಗೆ, ನೌಕರಿ ಅರ್ಜಿಗೆ,
ವರನ ಕಡೆಯವರಿಗೆ ಕಳಿಸಾಕ,
ಸತ್ತವರ ಹಳೇ ಫೋಟೊ ದೊಡ್ಡದು ಮಾಡ್ಸಾಕ
ಬರ್ತಾರ ಮಂದಿ.
ಸ್ಟೂಲಿನ ಮ್ಯಾಲ ಕುಂದ್ರೋದ್ರಾಗ ಗೊತ್ತಾಗ್ತದ
ಯಾರು ಏನು ಮುಚ್ಕೊಂಡಾರ ಅಂತ.
ಬಲಗಿವಿ ಮ್ಯಾಲ ಎಳಕೊಂಡ ಕೂದಲ,
ಹಲ್ಲು ಕಾಣದಂಗ ಬಿಗಿದ ತುಟಿ,
ದುಪಟ್ಟಾದ ಕೆಳಗ ಸುಟ್ಟ ಕುತ್ತಿಗಿ.
"ಒಂಚೂರು ಬೆಳ್ಳಗ ಮಾಡ್ರಿ ಮೇಡಂ" ಅಂತಾರ
ಕಂಪ್ಯೂಟರಿನ ಕಿವ್ಯಾಗ ಹೇಳಿದಂಗ, ಸಣ್ಣ ದನಿಲೆ.
ಮಾಡ್ತೀನಿ.
ಹತ್ತು ರೂಪಾಯಿ ಜಾಸ್ತಿ.

ನನ್ನ ಹೆಸರು ಚಂದಮ್ಮ.
ಐದನೇತ್ತಾಗ, ಹಾಜರಿ ಕರೆಯೋವಾಗ, ಮಾಸ್ತರು
"ಹೆಸರಿನ್ಯಾಗರ ಇರ್ಲಿ ಬಿಡು" ಅಂದ್ರು.
ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ,
ಎಲ್ಲರಕಿಂತ ಜೋರಾಗಿ.
ಆ ನಗೀನೇ ಇನ್ನೂ ನುಂಗಾಕ ಆಗವಲ್ದು.
ಮಾಸ್ತರು ರಿಟೈರ್ ಆದ್ರು, ತೀರಿದ್ರು,
ಅವರ ಫೋಟೊಕ್ಕ ಫ್ರೇಮ್ ಹಾಕ್ದಾಕಿನೂ ನಾನೇ.
ಮೂಗಿನ ಮ್ಯಾಲಿನ ಕಲೆ ತೆಗೆದು ಕೊಟ್ಟೆ.
ಪುಕ್ಕಟ.

ಪಗಾರ ಹೆಚ್ಚು ಮಾಡ್ತೀನಿ ಅಂದ್ರ, ಇರ್ಲಿ ಬಿಡ್ರಿ.
ಸೀರಿ ಚಂದದ ಅಂದ್ರ, ಹಳೇದ್ರಿ.
ಮದುವಿ ಮನ್ಯಾಗ ಎಲ್ಲರದೂ ತೆಗೆದಾಕಿ,
ಅಷ್ಟೂ ಆಲ್ಬಮ್ಮಿನ್ಯಾಗ ಎಲ್ಲೂ ಇಲ್ಲ.
ಕ್ಯಾಮೆರಾದ ಹಿಂದ ಛಲೋ ಜಾಗ ಅದ,
ಯಾರೂ ಆ ಕಡಿ ನೋಡಂಗಿಲ್ಲ.

ಈ ವರ್ಷ ಮಾಮಾನ ಕಣ್ಣಾಗ ಪೊರಿ ಬಂತು.
"ಲೈಸೆನ್ಸ್ ನಿನ್ನ ಹೆಸರಿಗೆ ಮಾಡಾಮು ಬೇಟಾ,
ನಿಂದೊಂದು ಫೋಟೊ ಬೇಕು" ಅಂದ್ರು.
ಶಟರ್ ಅರ್ಧ ಇಳಿಸಿ, ಟೈಮರ್ ಇಟ್ಟು
ಹದಿನೇಳು ತೆಗೆದೆ. ಹದಿನೇಳೂ ಅಳಿಸಿದೆ.
ಹದಿನೆಂಟನೇದಕ್ಕ ಮೂಗು ಸಣ್ಣ ಮಾಡಿದೆ,
ಬಣ್ಣ ತಿಳಿ ಮಾಡಿದೆ, ಹಣಿಮ್ಯಾಲಿನ ಗಾಯ ಒರೆಸಿದೆ.
ನೋಡಿದ್ರ, ಪರಊರಿನಾಕಿ ಯಾರೋ ಕುಂತಿದ್ಳು,
ಲೈಸೆನ್ಸು ಆಕಿಗೇ ಕೊಡಬೇಕು ಅನ್ನುವಂಗ.

ಮೌಸ್ ಹಿಡಿದ ಕೈ ನಂದು.
ಬೆರಳು ಒತ್ತಿಸ್ತಿದ್ದವರು ಯಾರು?
ಮಾಸ್ತರೇನು?
ಕಡ್ಲಿಹಿಟ್ಟು ಹಚ್ಚಿ ಉರಿಯೋತನಕ ತಿಕ್ಕುತ್ತಿದ್ದ ಸೋದರತ್ತಿಯೇನು?
ನನ್ನೊಳಗ ಯಾರ್ಯಾರೋ ಮನಿ ಮಾಡ್ಯಾರ,
ಒಬ್ಬರೂ ಬಾಡಿಗಿ ಕೊಟ್ಟಿಲ್ಲ.

ಮರುದಿನ ಗುರುಮಠಕಲ್ ಕಡಿಂದ ಒಂದು ಹುಡುಗಿ ಬಂತು,
ಹಾಸ್ಟೆಲ್ ಫಾರಮ್ಮಿಗೆ. ಹೆಸರು ಸಾಬಮ್ಮ.
ಬಾಯಿಗೆ ಅಂಗೈ ಅಡ್ಡ ಹಿಡಿದು ಮಾತಾಡ್ತದ.
ಗದ್ದ ಜರಾ ಮ್ಯಾಲ, ಅಂದೆ. ಎತ್ತಲಿಲ್ಲ.
ಇನ್ನೊಮ್ಮೆ ಅಂದೆ.
"ನೀವೂ ನೆಲಾನೇ ನೋಡ್ಕೋತ ಹೇಳ್ತೀರಲ್ರಿ" ಅಂತು.

ರಾಯಚೂರ ಕಡಿ ಗಾಡಿ ಹೋತು,
ಶೋಕೇಸಿನ ಗಾಜು ಜಣಜಣ ಅಂದ್ವು.
ನಾ ಕತ್ತೆತ್ತಿದೆ. ಆಕೀನೂ.
ಕಣ್ಣು ಕಣ್ಣು ಕೂಡಿದ್ವು, ಕ್ಲಿಕ್ ಮಾಡೋದು ಮರೆತೆ.
ಎರಡನೇ ಸಲಕ್ಕ ಬಂತು.
ಹಲ್ಲು ಸೊಟ್ಟ. ಸೊಟ್ಟೇ ಇಟ್ಟೆ.

ಆಕಿ ಹೋದ ಮ್ಯಾಲ, ಸ್ಟೂಲು ಇನ್ನೂ ಬೆಚ್ಚಗಿದ್ದಾಗಲೇ
ಹೋಗಿ ಕುಂತೆ. ಹತ್ತೊಂಬತ್ತನೇದು.
ಹಿಂದಿನ ಪರದಾ ಅಷ್ಟ ನೀಲಿ ಮಾಡಿದೆ,
ಆಫೀಸಿನವರು ಕೇಳ್ತಾರ.
ಚಂದ ಬಂದದ ಅಂತ ಹೇಳಾಂಗಿಲ್ಲ.
ನಂದು ಬಂದದ.

ಒಂದು ಹಾಳಿಗೆ ಎಂಟು ಕಾಪಿ ಬರ್ತಾವ.
ಒಂದು ಫಾರಮ್ಮಿಗೆ ಅಂಟಿಸಿದೆ.
ಒಂದನ್ನ ಮಾಮಾ ಕಣ್ಣಿನ ಹತ್ತರ ಹಿಡಿದು,
ಏನೂ ಅನ್ನದ ಜೇಬಿನ್ಯಾಗ ಇಟ್ಕೊಂಡ್ರು.
ಆರು ಉಳಿದಾವ, ಗಲ್ಲೆದ ಡಬ್ಬ್ಯಾಗ.
ರಾತ್ರಿ ರೊಕ್ಕ ಎಣಿಸುವಾಗ ಕಣ್ಣಿಗೆ ಬೀಳ್ತಾವ.
ಕೆಲವು ದಿನ ಬೋರಲು ಹಾಕ್ತೀನಿ.
ಕೆಲವು ದಿನ, ಇರ್ಲಿ ಬಿಡು, ಅಂತೀನಿ.