ಹುಳಿನೀರಿನ ಗಡಿಗೆ

ನಕ್ಷೆಯಲ್ಲಿ ನಮ್ಮ ಗನ್ಸು
ಯಾರೋ ಚೀಪಿ ಬಿಸಾಕಿದ ಕುರಿಯ ತೊಡೆಮೂಳೆ.
ಹಾಗಂದದ್ದು ನಾನಲ್ಲ, ಮೂರನೇ ಬೆಂಚಿನ ತಾಂಗ್ ಝೆನ್.
ನಕ್ಕೆ. ಸೀಮೆಸುಣ್ಣ ಮುರಿಯಿತು
ಸರಿಯಾಗಿ ಮರುಭೂಮಿಯ ಅಂಚಿನಲ್ಲಿ.

ಮೂಳೆಯ ಆ ಗಂಟು ಮರಳು. ಈ ಗಂಟು ನಾವು:
ಹಳದಿ ಮಣ್ಣು,
ಗಾಳಿ ಹೊತ್ತು ತಂದು ಲಕ್ಷ ಲಕ್ಷ ವರ್ಷ ಸುರಿದದ್ದು,
ಹಿಟ್ಟಿನಷ್ಟು ನಯ. ಉಗುರಲ್ಲಿ ಕೆರೆದರೂ ಗುಹೆ,
ಜೋರು ಮಳೆ ಬಂದರೆ ಗುಡ್ಡವೇ ಗಂಜಿ.
ನಡುವಿನ ಸಪೂರ ಕೊಳವೆಯಲ್ಲಿ
ಹಿಮದ ಬೆಟ್ಟಕ್ಕೂ ಬೆಂಗಾಡಿಗೂ ಮೈ ಒತ್ತಿಕೊಂಡು
ಗೋಧಿ ಬಂತು ಪಡುವಣದಿಂದ, ಕುರಿ ಬಂತು;
ರೇಷ್ಮೆ ಹೋದದ್ದು ತೀರ ಈಚೆಗೆ.
ಇಷ್ಟು ಬರೆದುಕೊಳ್ಳಿ, ಪರೀಕ್ಷೆಗೆ ಸಾಕು.

ಇದನ್ನು ಬರೆದುಕೊಳ್ಳಬೇಡಿ:
ತಾವ್ ಹೊಳೆಯ ದಂಡೆಯ ನಮ್ಮ ಮನೆಯಲ್ಲಿ
ಗ್ವೇಲಾನ್ ಅಜ್ಜಿಯದೊಂದು ಗಡಿಗೆ.
ಬಾವಿ ತೋಡುವಾಗ ಅವಳ ಮಾವನಿಗೆ ಸಿಕ್ಕಿದ್ದು.
ಕೆಮ್ಮಣ್ಣಿನ ಮೈ, ಕಪ್ಪು ಸುಳಿ,
ಸುಳಿಯೊಳಗೆ ಸುಳಿ, ಕುಂಚ ಎತ್ತಿದ ಜಾಗವೇ ಕಾಣದು.
ಅದರಲ್ಲಿ ಸೊಪ್ಪು ಅದುಮಿ ಹುಳಿನೀರು ಕಟ್ಟುತ್ತಿದ್ದಳು.
ಬೇಸಿಗೆಯ ಶಾವಿಗೆ ಮೇಲೆ ಒಂದು ಸೌಟು ಹುಯ್ದರೆ
ಹಲ್ಲು ಜುಮ್ಮೆಂದು ಹೊಟ್ಟೆ ತಣ್ಣಗೆ.
ಸತ್ತವರ ಪಾತ್ರೆ ಅಲ್ಲವೇನೇ, ಎಂದರೆ ನೆರೆಯವಳು,
ಸತ್ತವರೂ ಉಂಡವರೇ ತಾನೆ, ಅನ್ನುವಳು.

ಲಾನ್‌ಝೌನಿಂದ ಕನ್ನಡಕದ ಹೆಂಗಸೊಬ್ಬಳು ಬಂದಳು,
ನೋಡಿದಳು, ಹೊಸ್ತಿಲ ಮೇಲೇ ಕೂತುಬಿಟ್ಟಳು.
ಐದು ಸಾವಿರ ವರ್ಷ, ಅಂದಳು, ಮೆಲ್ಲಗೆ,
ಮಲಗಿದ ಮಗು ಎದ್ದೀತೆಂಬಂತೆ.
ಅಜ್ಜಿ ಕೇಳಿದ್ದು ಒಂದೇ:
ನಾಳೆಗೆ ಹೆಪ್ಪು ಯಾವುದರಲ್ಲಿ ಇಡಲಿ?
ಕೊಟ್ಟರು: ಒಂದು ರಸೀದಿ, ಎರಡು ಎನಾಮೆಲ್ ಬೋಗುಣಿ.
ಬೋಗುಣಿಯಲ್ಲಿ ಹುಳಿ ಕೂಡಲೇ ಇಲ್ಲ.

ಈಗ ಅದು ಗಾಜಿನೊಳಗೆ, ಕೆಳಗಿನಿಂದ ದೀಪ.
ಚೀಟಿಯಲ್ಲಿ ಊರಿದೆ, ಕಾಲವಿದೆ,
ಎತ್ತರ ಸೆಂಟಿಮೀಟರಿನಲ್ಲಿ.
ಹೋದ ಚಳಿಗಾಲ ಹೋಗಿ ನಿಂತೆ. ಚೆನ್ನಾಗಿ ತೊಳೆದಿದ್ದಾರೆ.
ಆದರೂ ಕಂಠದ ಒಳಗೆ, ಬೆಳಕು ಹಿಂಜರಿಯುವಲ್ಲಿ,
ಅವಳ ಬೆಳ್ಳಿಬಳೆ ತಾಗಿ ತಾಗಿ ಸವೆಸಿದ ಗೀರು.
ಅದಕ್ಕೆ ಕಾಲ ಬರೆದಿಲ್ಲ.

ಮರಳುವಾಗ ಹೊಳೆಯಲ್ಲಿ ಮುತ್ತು ಹರಿಯುತ್ತಿತ್ತು.
ನಿಮಗೆ ಗೊತ್ತಲ್ಲ, ಜನವರಿಯಲ್ಲಿ ನೀರು
ಮಣಿಮಣಿಯಾಗಿ ಹೆಪ್ಪುಗಟ್ಟಿ
ಒಂದಕ್ಕೊಂದು ಉಜ್ಜಿಕೊಂಡು ಇಳಿಯುವುದು, ಆ ಸರಸರ.
ಸೇತುವೆಯ ಕಂಬದ ಬಳಿ ತಿರುಗಿದವು,
ಸುಳಿಯೊಳಗೆ ಸುಳಿ.
ಬೆರಳು ಮರಗಟ್ಟುವವರೆಗೂ ನೋಡಿದೆ
ಎಲ್ಲಿ ಕುಂಚ ಎತ್ತುತ್ತದೆಂದು.

ಗಂಟೆ ಹೊಡೆಯಿತು.
ತಾಂಗ್ ಝೆನ್, ಬೋರ್ಡು ಒರೆಸು.
ಕಿಟಕಿ ಹಾಕು,
ಗುಡ್ಡ ಒಳಗೆ ಬರುತ್ತಿದೆ.