ಏಳನೇ ಪಾತಿ

ಸಾಲ್ಮಿ ರಸ್ತೆಯ ಬೇಲಿಯೊಳಗೆ
ಹನ್ನೆರಡು ಪಾತಿ, ಹನ್ನೆರಡು ಗಿಡ.
ಗಿಡವೆಂದರೆ ಏನು, ಗೇಣುದ್ದದ ಪುರಲೆ.
ರಗ್ರೂಗ್ ಅಂತ ಹೆಸರು,
ಕುರಿಯೂ ಮೂಸಿ ಮುಂದೆ ಹೋಗುತ್ತದೆ.
ನನ್ನ ಕೆಲಸ ಎಣಿಸುವುದು, ಬರೆಯುವುದು,
ಗಾಳಿಗೆ ಹಾರಿದ ಚೀಟಿಗಳನ್ನು ಓಡಿ ಹಿಡಿಯುವುದು.

ಕಳೆದ ಮಾಘದಲ್ಲಿ ಡಾಕ್ಟರ್ ಹೆಸ್ಸಾ
ಒಂದೊಂದು ಗಿಡಕ್ಕೂ ಪ್ಲಾಸ್ಟಿಕ್ ಮುಸುಕು ಹೊದಿಸಿ
ಒಳಗೆ ಗುರುತು ಹಚ್ಚಿದ ಗಾಳಿ ಬಿಟ್ಟರು.
ಎಲೆ ಅದನ್ನು ಕುಡಿದು ಸಕ್ಕರೆ ಮಾಡುತ್ತದಂತೆ,
ಸಕ್ಕರೆಯ ಒಂದು ಪಾಲು ಬೇರಿಗಿಳಿದು
ಬೇರಿಂದ ನೂಲಿಗೆ ದಾಟುತ್ತದಂತೆ.
ನೂಲೆಂದರೆ ಶಿಲೀಂಧ್ರ. ಕಣ್ಣಿಗೆ ಕಾಣದ್ದು.
ಬೇರಿನ ಕೈಗೆ ಎಟುಕದ ತೇವವನ್ನು
ತಡಕಿ ತಂದು ಕೊಡುವಂಥದ್ದು.
ಯಾರು, ಯಾರಿಗೆ, ಎಷ್ಟು:
ಪುಸ್ತಕದಲ್ಲಿ ಇರುವುದು ಮೂರೇ ಕಾಲಂ.

ಜೂನಿನಲ್ಲಿ ಬರೆಯಲು ಏನೂ ಇರಲಿಲ್ಲ.
ಐವತ್ತು ಡಿಗ್ರಿ. ಎಲೆಯೆಲ್ಲ ಉದುರಿ
ಕಡ್ಡಿ ಮುಟ್ಟಿದರೆ ಹಪ್ಪಳದ ಸದ್ದು.
ಉದ್ದಕ್ಕೂ ಸೊನ್ನೆ ಹಾಕಿದೆ.
ಹೆಸ್ಸಾ ಅಳಿಸಿ ಗೆರೆ ಎಳೆದರು:
"ಸೊನ್ನೆ ಅಂದರೆ ಅಳೆದೆವು, ಇಲ್ಲ ಅಂತ.
ಗೆರೆ ಅಂದರೆ ಅಳೆಯಲಿಲ್ಲ ಅಂತ."
ಏಳನೇ ಪಾತಿಯದು ಮಾತ್ರ
ಮುಟ್ಟಿದ್ದೇ ತಡ ಬುಡ ಸಮೇತ ಕೈಗೆ ಬಂತು.
ಅದರ ಸೊನ್ನೆ ಹಾಗೇ ಉಳಿಯಿತು.

ಸೆಪ್ಟೆಂಬರಿನ ಒಂದು ಬೆಳಗಿನ ಜಾವ
ಸುಹೈಲ್ ಮೂಡಿದೆ ಅಂತ ಇದ್ರೀಸ್ ಎಬ್ಬಿಸಿದ.
ನಮ್ಮ ಅಗಸ್ತ್ಯನೇ! ಕಡಲು ಕುಡಿದವನು,
ಇಲ್ಲಿ ಇಣುಕಿ ಏನು ಹುಡುಕುತ್ತಾನೋ.

ಬೇಲಿಯಾಚೆ ಒಂಟೆ ಕಟ್ಟಿದ ಉಮ್ ಮುತ್ಲಖ್
ಬೆರಳು ಮಡಿಸಿ ದಿನ ಎಣಿಸಿದಳು.
ಈಗಲೇ ಬರಬೇಕು ವಸ್ಮ್ ಮಳೆ, ಗುಡುಗಿನೊಂದಿಗೆ;
ಡಿಸೆಂಬರಿಗೆ ಬಂದರೆ ಬರೀ ಕೆಸರು.
ಗುಡುಗಿತು. ನನಗೆ ನಗು.
ಕಾರ್ಕಳದಲ್ಲಿ ನನ್ನ ದೊಡ್ಡಮ್ಮ ಕೂಡ
ಮೊದಲ ಗುಡುಗಿಗೇ ಕಡ್ಡಿ ಹಿಡಿದು
ಕಲ್ಲಣಬೆ ಕೆದಕಲು ಹೊರಡುತ್ತಿದ್ದಳು.
ಒಬ್ಬರನ್ನೊಬ್ಬರು ಕಾಣದ ಇಬ್ಬರು ಮುದುಕಿಯರು,
ಒಂದೇ ಪಂಚಾಂಗ.

ಮತ್ತೆ ಮಾಘ. ಏಳನೇ ಪಾತಿಯ ನೆಲ
ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಬಿರಿದಿತ್ತು.
ಮಗ್ಗುಲಲ್ಲಿ ಯಾರೂ ನೆಡದ ಸಸಿ, ನಾಲ್ಕೇ ಎಲೆ.
ಇದ್ರೀಸ್ ಬೆರಳಲ್ಲೇ ಮರಳು ಸರಿಸಿದ:
ಫಗಾ. ಬಿಳಿಯ ಜುಬೈದಿ.
ಮಗುವಿನ ಮುಷ್ಟಿಯಷ್ಟು, ತಣ್ಣಗೆ.

ಲ್ಯಾಬಿನಿಂದ ವರದಿ ಬಂತು.
ಹಳೆಯ ಗುರುತು ಇದೆ. ಅತ್ಯಲ್ಪ, ಆದರೂ ಇದೆ.
ಸತ್ತ ಗಿಡ ಬದುಕಿದ್ದಾಗ ಎಳೆದುಕೊಂಡ ಉಸಿರು
ಬೇಸಗೆಯುದ್ದಕ್ಕೂ ನೂಲಿನಲ್ಲಿ ಕಾದಿತ್ತೇ?
"ಇರಬಹುದು. ಅಳತೆಯ ತಪ್ಪೂ ಇರಬಹುದು.
ಇನ್ನೊಂದು ವರ್ಷ ನೋಡೋಣ" ಅಂದರು ಹೆಸ್ಸಾ.

ಪರೀಕ್ಷೆಗೆ ಹೋದದ್ದು ಒಂದು ಚೂರು.
ಉಳಿದದ್ದನ್ನು ಉಮ್ ಮುತ್ಲಖ್
ಏಳು ನೀರಲ್ಲಿ ತೊಳೆದು ತುಪ್ಪದಲ್ಲಿ ಹುರಿದಳು.
ನಾಲ್ವರೂ ಒಂದೇ ತಟ್ಟೆ.
ಹಲ್ಲಿಗೆ ಮರಳು ಸಿಕ್ಕಿತು, ಯಾರೂ ಉಗುಳಲಿಲ್ಲ.

ರಾತ್ರಿ ಪುಸ್ತಕ ತೆರೆದೆ.
'ಯಾರು' ಎಂಬಲ್ಲಿ ಪೆನ್ನು ನಿಂತಿತು.
ಸೊನ್ನೆ ಅಳಿಸಲಿಲ್ಲ, ಗೆರೆಯನ್ನೂ ಎಳೆಯಲಿಲ್ಲ.
ಷರಾದಲ್ಲಿ ಬರೆದೆ:
ನೂರ ನಲವತ್ತು ಗ್ರಾಂ,
ಮರಳು ಸೇರಿ.