ರಾತ್ರಿ ಪಾಳಿಯ ಹೊಸಬಳಿಗೆ

ಚಪ್ಪಲಿ ಅಲ್ಲೇ ಬಿಡು ಸಿಗ್ನೆ, ಹೊಸ್ತಿಲಾಚೆ.
ಕೈ ತೊಳೆದುಕೋ, ಮೊಣಕೈವರೆಗೆ.
ಆ ಕ್ಯಾಮೆರಾ ನನ್ನ ಕಪಾಟಿಗೆ ಕೊಡು, ಬೀಗ ಹಾಕುತ್ತೇನೆ,
ಹೊರಡುವ ದಿನ ಕೇಳು.

ನಾನು ನ್ಯಾಚವೂಲಾ. ಮಲಾವಿ ಸರೋವರದ ದಡದ ಈ ಮನೆಯಲ್ಲಿ
ಹತ್ತೊಂಬತ್ತು ವರ್ಷ
ರಾತ್ರಿಗಳನ್ನು ಎತ್ತಿ ಆಡಿಸಿದವಳು.
ನಿನ್ನಂಥವರನ್ನು ನೂರಾರು ಕಂಡಿದ್ದೇನೆ,
ಬೇಸರಕ್ಕಲ್ಲ, ಲೆಕ್ಕಕ್ಕೆ ಹೇಳಿದೆ.
ಒಳ್ಳೆಯವರೇ ಎಲ್ಲ. ಬಣ್ಣದ ಪೆನ್ಸಿಲು ತಂದರು,
ಗೋಡೆ ತುಂಬ ಜಿರಾಫೆ ಬರೆದರು.
ನಮ್ಮ ಮಕ್ಕಳು ಜಿರಾಫೆ ಕಂಡವಲ್ಲ,
ಮೀನು ಬರೆದಿದ್ದರೆ ಗುರುತು ಹಿಡಿಯುತ್ತಿದ್ದವು.

ಅಗೋ, ಮೂಲೆಯಲ್ಲಿ ಆ ಆಟ ನೋಡು.
ಟೆಮ್ವ ಹೆಗಲಿಗೆ ಖಾಲಿ ಹಿಟ್ಟಿನ ಚೀಲ ಏರಿಸಿದ್ದಾಳೆ,
ಒಬ್ಬೊಬ್ಬರ ಕೆನ್ನೆಗೂ ಮುತ್ತು ಕೊಡುತ್ತ ಬರುತ್ತಾಳೆ,
ಸಾಲಾಗಿ ನಿಂತವರು ಅಳುವ ಹಾಗೆ ಮಾಡಬೇಕು.
ಬಾಗಿಲಲ್ಲಿ ನಿಂತು ಕೈ ಬೀಸಿದರೆ ಒಂದು ಸುತ್ತು ಮುಗಿಯಿತು.
ಆಮೇಲೆ ಚೀಲಕ್ಕಾಗಿ ಜಗಳ.
ಎಲ್ಲರಿಗೂ ಹೋಗುವವರಾಗುವ ಆಸೆ,
ಉಳಿಯುವ ಪಾತ್ರ ಯಾರಿಗೂ ಬೇಡ.
ಈ ಆಟ ನಾವು ಕಲಿಸಿದ್ದಲ್ಲ.

ನನ್ನದೂ ಒಂದು ಚೀಲ ಇತ್ತು, ಮುಚ್ಚಿಡುವುದೇನು.
ಸಂಬಳ ಬಾರದ ವರ್ಷ ಪಟ್ಟಣದ ಆಸ್ಪತ್ರೆಗೆ ಹೋಗಿ ಸೇರಿದೆ,
ಎರಡೇ ತಿಂಗಳು.
ತಿರುಗಿ ಬಂದರೆ ವೆಜಿ ಎಂಬ ಹುಡುಗ
ನನ್ನ ಕೈಯ ಗಂಜಿ ಕುಡಿದ, ಮುಖ ನೋಡಲಿಲ್ಲ.
ನಲವತ್ತು ದಿನ ನೋಡಲಿಲ್ಲ.

ಕಿಟಕಿ ಪಕ್ಕದ ತೊಟ್ಟಿಲಲ್ಲಿ ಸುಜ್ಗೊ.
ನಮ್ಮ ಮಾತಿನಲ್ಲಿ ಕಷ್ಟ ಅಂತ ಅರ್ಥ,
ಹೆರಿಗೆಯಲ್ಲಿ ಮಗಳನ್ನು ಕಳೆದುಕೊಂಡ ಅಜ್ಜಿ ಇಟ್ಟ ಹೆಸರು.
ತಿಂಗಳಿಗೊಮ್ಮೆ ಒಣಮೀನಿನ ಪೊಟ್ಟಣ ಹಿಡಿದು ಬರುತ್ತಾಳೆ ಆಕೆ,
ಮಗುವಿಗಿನ್ನೂ ಹಲ್ಲಿಲ್ಲವೆಂದರೆ ಕೇಳುವುದಿಲ್ಲ.
ಅದಕ್ಕೇ, ಊರಿಗೆ ಬರೆಯುವ ಕಾಗದದಲ್ಲಿ
ಅನಾಥೆ ಅಂತ ಬರೆಯಬೇಡ.

ಇವಳನ್ನು ನೋಡಿದವರೆಲ್ಲ ಹೇಳುತ್ತಾರೆ
ಎಂಥ ಜಾಣೆ, ಅಳುವುದೇ ಇಲ್ಲ.
ನೀನೂ ಅದನ್ನೇ ಹೇಳಹೊರಟೆ. ನುಂಗಿಕೋ.
ಅತ್ತಿದ್ದಾಳೆ ಇವಳು, ಮೂರು ವಾರ,
ಒಬ್ಬ ನರ್ಸಿಗೆ ನಲವತ್ತು ಹಾಸಿಗೆಯಿದ್ದ ಕಡೆ.
ಕೂಗಿದರೆ ಬರುವವರಿಲ್ಲವೆಂದು
ಹಲ್ಲು ಹುಟ್ಟುವ ಮೊದಲೇ ತಿಳಿಯುವುದು
ಜಾಣತನವೇ ಇರಬೇಕು.

ಈ ಬಟ್ಟೆ ತಗೋ. ಬೆನ್ನಿಗೆ ಕಟ್ಟಿಕೋ ಅವಳನ್ನು,
ಗಂಟು ಎದೆಯ ಮೇಲೆ ಬರಲಿ, ಇನ್ನೂ ಬಿಗಿ.
ದಿನಾ ಅದೇ ಹೊತ್ತು, ಅದೇ ಬಟ್ಟೆ.
ನಿನ್ನ ಹಾಡು ಬೇಡ, ಅದು ನಿನ್ನ ಜೊತೆಗೇ ಹೊರಟುಬಿಡುತ್ತದೆ.
ಅಡುಗೆಯ ಮುದುಕಿ ಕೆಮ್ಮುವುದು, ತಗಡಿನ ಮೇಲೆ ಮಾವಿನಕಾಯಿ ಬೀಳುವುದು
ಕೇಳಿಸಿಕೊಳ್ಳಲಿ, ಅವು ಇಲ್ಲೇ ಇರುತ್ತವೆ.
ಯಾವ ಮಗುವಾದರೂ ನಿನ್ನನ್ನು ಅಮ್ಮ ಅಂದರೆ ಓಗೊಡಬೇಡ.
ಕಷ್ಟ, ಗೊತ್ತು.
ನನ್ನ ಕಡೆ ಬೆರಳು ತೋರಿಸು.

ಮತ್ತೆ, ಸುಜ್ಗೊ ಅತ್ತರೆ
ಎಷ್ಟು ಹೊತ್ತಾಗಿರಲಿ, ನನ್ನನ್ನೆಬ್ಬಿಸು.

*

ಮೂವತ್ತೊಂದನೆಯ ರಾತ್ರಿ.
ನೀರಿನ ಮೇಲೆ ಮೀನುಗಾರರ ದೀಪ ಇನ್ನೂ ಆರಿರಲಿಲ್ಲ.
ಕದ ಬಡಿದಳು ಸಿಗ್ನೆ, ಬರಿಗಾಲು, ಮುಖ ಸುಣ್ಣ:
ಏನು ತಪ್ಪು ಮಾಡಿದೆನೋ, ಬಾಟಲಿ ತರಲು ಎದ್ದೆ ಅಷ್ಟೆ,
ನಿಲ್ಲಿಸುತ್ತಲೇ ಇಲ್ಲ ನ್ಯಾಚವೂಲಾ, ನಿಲ್ಲಿಸುತ್ತಲೇ ಇಲ್ಲ.

ಪಡಸಾಲೆಯುದ್ದಕ್ಕೂ ಬರುತ್ತಿತ್ತು ಆ ಕೂಗು,
ಸಿಟ್ಟಿನದು, ಕರ್ಕಶ,
ಕೊಟ್ಟ ಸಾಲ ಕೇಳಲು ಬಂದವಳ ದನಿ.
ಉಳಿದ ಮಕ್ಕಳು ಎದ್ದು ಕೂತು ಬಾಯಿ ಬಿಟ್ಟಿದ್ದವು.

ನಾನು ಓಡಲಿಲ್ಲ.
ಹೋಗು, ಎತ್ತಿಕೋ, ನೀನೇ, ಎಂದು ಅವಳನ್ನು ತಿರುಗಿ ಕಳಿಸಿ
ಸ್ಟೋವ್ ಹಚ್ಚಿ ಚಹಾಕ್ಕಿಟ್ಟೆ,
ಕ್ರಿಸ್‌ಮಸ್ಸಿಗೆಂದು ಬಚ್ಚಿಟ್ಟ ಸಕ್ಕರೆ ಡಬ್ಬಿ ತೆಗೆದೆ.
ಲೋಟಕ್ಕೆ ನಾಲ್ಕು ಚಮಚ.

ಅವಳ ಟಿಕೆಟ್ಟಿಗೆ ಇನ್ನು ಹನ್ನೊಂದು ದಿನ.
ಕಲಕುತ್ತ ಅದನ್ನೂ ಎಣಿಸಿದೆ.
ಹನ್ನೆರಡನೆಯ ರಾತ್ರಿ ಆ ಬಟ್ಟೆಯನ್ನು
ಒಗೆಯದೆ ಹಾಗೇ
ನನ್ನ ಬೆನ್ನಿಗೆ ಕಟ್ಟಿಕೊಳ್ಳಬೇಕು.